ಪುಷ್ಪಕದ ಕಿಟಕಿಯೂ ಇರುಳ ವಿಮಾನವೂ

ವಿಮಾನಯಾನವು ಸಾಹಿತ್ಯಕ್ಕೆ ಹೊಸದೊಂದು ಕಣ್ಣನ್ನು ಕೊಟ್ಟಿತೆಂಬ ಮಾತು ವಿಮರ್ಶಕರಲ್ಲಿ ರೂಢಿಯಾಗಿದೆ. 1783ರಲ್ಲಿ ಫ್ರಾನ್ಸಿನಲ್ಲಿ ಬೆಲೂನು ಏರಿತು, 1903ರಲ್ಲಿ ಅಮೆರಿಕೆಯ ರೈಟ್ ಸೋದರರು ಹಾರಿದರು. ಭೂಮಿಯನ್ನು ಮೇಲಿನಿಂದ ನೋಡುವ ಭಾಗ್ಯ ಮನುಷ್ಯನಿಗೆ ಆಮೇಲೆ ಬಂದಿತು, ಆದುದರಿಂದ ಕವಿಗೂ ಆಮೇಲೆಯೇ ಬಂದಿತು ಎಂಬುದು ಅವರ ತರ್ಕ. ತರ್ಕದ ಪೂರ್ವಾರ್ಧ ನಿಜ. ಉತ್ತರಾರ್ಧವನ್ನು ರಘುವಂಶದ ಹದಿಮೂರನೆಯ ಸರ್ಗವನ್ನು ಓದಿದವರಾರೂ ಒಪ್ಪಲಾರರು.

ಲಂಕೆಯಿಂದ ಮರಳುವ ರಾಮನು ಪುಷ್ಪಕದಲ್ಲಿ ಕುಳಿತು ಸೀತೆಗೆ ಕೆಳಗಿನ ಸ್ಥಳಗಳನ್ನು ತೋರಿಸುವ ಸಂದರ್ಭವು ವಾಲ್ಮೀಕಿಯಲ್ಲಿಯೇ ಇದೆ. ಅಲ್ಲಿ ರಾಮನು ಮೊದಲು ತೋರಿಸುವುದು ಲಂಕೆಯನ್ನು, ಅದರ ಬೆನ್ನಿಗೇ ರಣಭೂಮಿಯನ್ನು: ರಾವಣನು ಬಿದ್ದುದು ಇಲ್ಲಿ, ಕುಂಭಕರ್ಣನು ಬಿದ್ದುದು ಅಲ್ಲಿ. ಕಾಳಿದಾಸನು ಅದನ್ನು ಬಿಟ್ಟು ಸಮುದ್ರದಿಂದ ಆರಂಭಿಸುತ್ತಾನೆ. ಸೇತುವೆಯಿಂದ ಎರಡಾಗಿ ಸೀಳಿದ ನೊರೆಗಡಲು ಶರತ್ಕಾಲದ ಆಕಾಶದಂತೆಯೂ ಸೇತುವೆಯು ಅದರೊಳಗಣ ಛಾಯಾಪಥದಂತೆಯೂ ಕಾಣುತ್ತವೆ. ಆಕಾಶದಲ್ಲಿರುವವನಿಗೆ ಕೆಳಗಿನ ಕಡಲೇ ಆಕಾಶವಾಯಿತು! ವಿಮಾನವು ಮುಂದೆ ಸಾಗಿದಂತೆ, ಹಿಂದೆ ಸರಿಯುವ ಸಮುದ್ರದೊಳಗಿನಿಂದ ಕಾಡುಸಹಿತವಾಗಿ ನೆಲವು ಹೊರಬೀಳುವಂತೆ ತೋರುತ್ತದೆ. ಸೀತೆಯು ಕಿಟಕಿಯಿಂದ ಕೈಚಾಚಿ ಮೋಡವನ್ನು ಮುಟ್ಟಿದರೆ ಅದು ಅವಳ ಕೈಗೆ ಮಿಂಚಿನ ಬಳೆಯನ್ನು ತೊಡಿಸುತ್ತದೆ. ಗೋದಾವರಿಯ ಸಾರಸಗಳು ವಿಮಾನದ ಕಿಂಕಿಣಿಯ ದನಿ ಕೇಳಿ ಎದುರ್ಗೊಳ್ಳಲು ಮೇಲೆದ್ದು ಬರುತ್ತವೆ.

ಇದು ಕೇವಲ ವರ್ಣನೆಯಲ್ಲ. ಸೀತೆಯ ಒಂಟಿ ನೂಪುರವು ಮೌನವಾಗಿ ಬಿದ್ದಿದ್ದ ಸ್ಥಳವನ್ನು ರಾಮನು ತೋರಿಸುತ್ತಾನೆ, ಮೊದಲ ಮಳೆಯೂ ತನ್ನ ಕಣ್ಣೀರೂ ಒಟ್ಟಿಗೆ ಸುರಿದ ಮಾಲ್ಯವಂತದ ಶಿಖರವನ್ನು ತೋರಿಸುತ್ತಾನೆ, ಪಂಪೆಯನ್ನು ತೋರಿಸುತ್ತಾನೆ. (ಮಾಲ್ಯವಂತವನ್ನೂ ಪಂಪೆಯನ್ನೂ ಹಂಪೆಯ ನೆರೆಯಲ್ಲಿ ನಾಡವರು ಇಂದಿಗೂ ಗುರುತಿಸುತ್ತಾರೆ.) ಕಾಲ್ನಡೆಯಲ್ಲಿ ಅಳುತ್ತ ಅಳೆದ ನೆಲವು ಈಗ ಒಂದೇ ನೋಟಕ್ಕೆ ಸಿಕ್ಕುತ್ತದೆ. ಎತ್ತರವು ಇಲ್ಲಿ ಸ್ಮೃತಿಯ ಸಾಧನವಾಗಿದೆ. ಶಾಕುಂತಲದ ಏಳನೆಯ ಅಂಕದಲ್ಲಿ ಮಾತಲಿಯ ರಥವು ಇಳಿಯುವಾಗಲೂ ಕವಿಯ ಕಣ್ಣು ತಪ್ಪುವುದಿಲ್ಲ. ರಥ ಇಳಿಯುತ್ತಿದೆ ಎನಿಸದು. ಬೆಟ್ಟಗಳ ತುದಿಯಿಂದ ನೆಲವೇ ಕೆಳಗೆ ಜಾರುವಂತೆ, ಎಲೆಯ ಮುದ್ದೆಗಳಿಂದ ಮರದ ಕಾಂಡಗಳು ಮೂಡುವಂತೆ, ಎಳೆಯಂತೆ ಮರೆಯಾಗಿದ್ದ ನದಿಗಳು ಮೈತುಂಬಿ ಬರುವಂತೆ, ಯಾರೋ ಭೂಮಿಯನ್ನು ಮೇಲಕ್ಕೆಸೆದಂತೆ ಕಾಣುತ್ತದೆ.

ಇಷ್ಟನ್ನು ಓದಿ ಕೆಲವರು ಹಿಗ್ಗಿ, ಪ್ರಾಚೀನರಿಗೆ ವಿಮಾನವಿದ್ದಿತೆಂಬುದಕ್ಕೆ ಇದೇ ಸಾಕ್ಷಿ ಎನ್ನುತ್ತಾರೆ. ಈ ಹಿಗ್ಗಿಗೆ ಪುಷ್ಟಿ ಕೊಟ್ಟುದು ಭರದ್ವಾಜರ ಹೆಸರಿನಲ್ಲಿ ಪ್ರಚಾರವಾದ ವೈಮಾನಿಕ ಶಾಸ್ತ್ರ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ ಮೊದಲುಮಾಡಿ ಹೇಳಿ ಬರೆಯಿಸಿದ ಈ ಗ್ರಂಥವು 1973ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರಬಂದಿತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರಿಶೀಲಿಸಿ, ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ಹೇಳಿದ ವಿಮಾನಗಳು ಹಾರತಕ್ಕವಲ್ಲವೆಂದೂ ನಿರ್ಣಯಿಸಿದರು. ಅದರ ಭಾಷೆಯಾದರೂ ವೈದಿಕ ಸಂಸ್ಕೃತವಲ್ಲ. ಪಾಠಶಾಲೆಯ ಸಾಹಿತ್ಯ ವಿದ್ಯಾರ್ಥಿಯೂ ಇದನ್ನು ಕಾಣಬಲ್ಲನು. ಆದರೆ ಇಲ್ಲಿ ಹೆಚ್ಚು ಕೆಡುಕಾದುದು ವಿಜ್ಞಾನಕ್ಕಲ್ಲ, ಕಾವ್ಯಕ್ಕೆ. ಪುಷ್ಪಕಕ್ಕೆ ಕೀಲೆಷ್ಟು, ಚಕ್ರವೆಷ್ಟು ಎಂದು ಕಾಳಿದಾಸನು ಹೇಳಿಲ್ಲ. ರಾಮನ ಮನಸ್ಸು ಹೋದತ್ತ ಅದು ಹೋಗುತ್ತದೆ, ಅಷ್ಟೆ. ಅವನು ಏರಿ ನೋಡಿ ಬರೆದನೆಂದರೆ ಅವನನ್ನು ವರದಿಗಾರನನ್ನಾಗಿ ಮಾಡಿದಂತಾಯಿತು. ಏರದೆಯೇ ಕಂಡನೆಂಬುದರಲ್ಲಿಯೇ ಅವನ ಹಿರಿಮೆ ಇರತಕ್ಕುದು.

ಹಾಗಾದರೆ ನಿಜವಾದ ಹಾರಾಟವು ಕಲೆಗೆ ಏನನ್ನೂ ಕೊಡಲಿಲ್ಲವೇ? ಕೊಟ್ಟಿತು, ಕೊಟ್ಟುದು ನೋಟವನ್ನಲ್ಲ. 1929ರಲ್ಲಿ ಇಟಲಿಯ ಚಿತ್ರಕಾರರು ವಿಮಾನಚಿತ್ರವೆಂಬ ಪಂಥವನ್ನು ಘೋಷಿಸಿ ಯಂತ್ರದ ವೇಗವನ್ನು ಕೊಂಡಾಡಿದರು. ವೇಗ ಹಳೆಯದಾದೊಡನೆ ಚಿತ್ರಗಳಲ್ಲಿ ಬಹಳಷ್ಟು ಹಳೆಯವಾದುವು. ಕೊಡುಗೆಯನ್ನು ಕಾಣಬೇಕಾದುದು ಫ್ರೆಂಚ್ ಲೇಖಕ ಆಂತ್ವಾನ್ ದ ಸ್ಯಾಂತೆಗ್ಜುಪೆರಿಯಲ್ಲಿ. ಇವನು 1926ರಿಂದ ಟಪಾಲು ವಿಮಾನಗಳನ್ನು ನಡಸಿದವನು. 1931ರಲ್ಲಿ ಪ್ರಕಟವಾದ ಇವನ ರಾತ್ರಿಯ ಹಾರಾಟದ ಕಾದಂಬರಿಯಲ್ಲಿ ಫಾಬಿಯನ್ ಎಂಬ ಚಾಲಕನು ಪಾಟಗೋನಿಯಾದಿಂದ ಬ್ಯೂನಸ್ ಐರಿಸಿಗೆ ಬರುವಾಗ ಬಿರುಗಾಳಿಗೆ ಸಿಕ್ಕುತ್ತಾನೆ. ಮೋಡದ ಬಿರುಕಿನಲ್ಲಿ ಕೆಲವು ನಕ್ಷತ್ರ ಕಾಣುತ್ತವೆ. ಅದು ಬಲೆಯೆಂದು ಬಲ್ಲನು, ಆದರೂ ಏರುತ್ತಾನೆ. ಮೇಲೆ ಬೆಳುದಿಂಗಳು, ಹಾಲಿನಂತಹ ಮೋಡ, ಪರಮಶಾಂತಿ. ಎಣ್ಣೆ ಮಾತ್ರ ತೀರುತ್ತ ಬಂದಿದೆ, ಕೆಳಗೆ ನೆಲವೆಲ್ಲಿಯೂ ಕಾಣದು.

ಮಾತಲಿಯ ರಥದೆದುರಿಗೆ ಭೂಮಿಯು ತಾನಾಗಿ ಮೇಲೇರಿ ಬರುತ್ತದೆ, ಫಾಬಿಯನ್ನನಿಗೆ ಬಾರದು. ಸೌಂದರ್ಯವೂ ಮರಣವೂ ಒಂದೇ ಎತ್ತರದಲ್ಲಿ ಕೂಡುವ ಈ ಸಂದರ್ಭವನ್ನು ಕಾಳಿದಾಸನು ಕಲ್ಪಿಸಲಿಲ್ಲ; ಪುಷ್ಪಕವು ಬೀಳುವ ವಿಮಾನವಲ್ಲ. ಬಿದ್ದೇನೆಂಬ ಭಯವಿದ್ದವನಿಗೆ ಕೆಳಗಿನ ಒಂದೊಂದು ವಸ್ತುವೂ ಬಂಧುವಾಗುತ್ತದೆ. 1939ರ ಇನ್ನೊಂದು ಗ್ರಂಥದಲ್ಲಿ, ಮೊದಲ ಪ್ರಯಾಣದ ಹಿಂದಿನ ರಾತ್ರಿ ಗೆಳೆಯ ಗಿಯೋಮೆ ಇವನಿಗೆ ಸ್ಪೆಯಿನಿನ ಭೂಗೋಳವನ್ನು ಕಲಿಸುತ್ತಾನೆ. ಊರುಗಳ, ಜನಸಂಖ್ಯೆಯ ಮಾತಿಲ್ಲ. ಹೊಲದಂಚಿನ ಮೂರು ಕಿತ್ತಳೆಯ ಮರಗಳಿವೆ, ನೋಡಿಕೊ ಎನ್ನುತ್ತಾನೆ. ವಿಮಾನ ಇಳಿಸಬೇಕಾದವನಿಗೆ ಅವು ಮೃತ್ಯುವಾಗಬಹುದು. ಇದೇ ಗ್ರಂಥದ ಕೊನೆಕೊನೆಗೆ ಉಪದೇಶವು ಅತಿಯಾಗಿ ರಸಭಂಗವಾಗುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ಮೂರು ಮರಗಳು ಮಾತ್ರ ಉಳಿಯುತ್ತವೆ. ಲೇಖಕನು 1944ರ ಜುಲೈ 31ರಂದು ಯುದ್ಧವಿಮಾನದಲ್ಲಿ ಹೋದವನು ಮರಳಲಿಲ್ಲ. ಮಾರ್ಸೇಯಿನ ಬಳಿ ಕಡಲಲ್ಲಿ ಸಿಕ್ಕಿದ ಅವಶೇಷಗಳು ಅವನ ವಿಮಾನದವೆಂದು 2004ರಲ್ಲಿ ಖಚಿತವಾಯಿತು.

ಅಂತರಿಕ್ಷಕ್ಕೆ ಹೋದವರಲ್ಲಿಯೂ ಇದೇ ಭಾವ ಕಾಣಬರುತ್ತದೆ. 1965ರ ಮಾರ್ಚ್ 18ರಂದು ರಷ್ಯದ ಅಲೆಕ್ಸಿ ಲಿಯೋನೊವ್ ನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲಿದ ಮೊದಲ ಮನುಷ್ಯನಾದನು. ಉಡುಪು ಉಬ್ಬಿ ದ್ವಾರದೊಳಕ್ಕೆ ತೂರಲಾರದೆ, ಅದರ ಗಾಳಿಯನ್ನು ಬಿಟ್ಟು ಹೇಗೋ ಒಳಸೇರಿದನು. ಆ ಯಾನದಲ್ಲಿಯೇ ಅವನು, ತೇಲಿಹೋಗದಂತೆ ದಾರ ಕಟ್ಟಿದ್ದ ಬಣ್ಣದ ಪೆನ್ಸಿಲುಗಳಿಂದ, ಒಂದು ಚಿಕ್ಕ ಚಿತ್ರ ಬರೆದನು. ಮುಂದೆ ಅವನು ನೌಕೆಯನ್ನೂ ಉಡುಪನ್ನೂ ವಿವರವಾಗಿ ಬಿಡಿಸಿದ ಚಿತ್ರಗಳು ಹಲವು. ಅವುಗಳಿಗಿಂತ ಈ ಒರಟು ರೇಖೆಗಳ ಚಿತ್ರವೇ ಮೇಲು. ಅದರಲ್ಲಿ ಯಂತ್ರವಿಲ್ಲ, ಅವನೂ ಇಲ್ಲ. ಬಾಗಿದ ಭೂಮಿಯ ಅಂಚು, ಅದರ ಮೇಲೆ ಪದರಪದರವಾಗಿ ಬಣ್ಣ, ನಡುವೆ ಹುಟ್ಟುತ್ತಿರುವ ಸೂರ್ಯ.