ಐದು ತಂತಿಯ ಜವಾರಿ

ಜಮಖಂಡಿಯ ನಮ್ಮ ಮನೆಯ ಮೂಲೆಯಲ್ಲಿ ಮಿರಜದಿಂದ ತಂದ ಐದು ತಂತಿಯ ತಂಬೂರಿ ನಿಂತಿದೆ. ಸಿತಾರಿನ ಹಾಗೆ ಅದಕ್ಕೆ ಮೆಟ್ಟಿಲುಗಳಿಲ್ಲ. ಶ್ರುತಿ ಸರಿಯೇ ತಪ್ಪೇ ಎಂದು ಕಿವಿಯೇ ಹೇಳಬೇಕು.

ಹೋದ ವರ್ಷ ಮುಧೋಳದ ಕಾರ್ಯಕ್ರಮವೊಂದರಲ್ಲಿ ಸಾಥಿಗೆಂದು ಅದನ್ನು ಹೊತ್ತು ಹೋದೆ. “ಅಕ್ಕಾರ, ಅದನ್ಯಾಕ ಹೊತ್ಕೊಂಡ ಬಂದ್ರಿ? ಪೆಟಿಗಿ ಐತಲ್ರಿ” ಅಂದರು. ವೇದಿಕೆಯ ಮೇಲೆ ಇಲೆಕ್ಟ್ರಾನಿಕ್ ತಂಬೂರಿ ಆಗಲೇ ಗುಂಯ್‌ಗುಡುತ್ತಿತ್ತು. ನಾನು ಕೇಳುಗರ ಸಾಲಿನಲ್ಲಿ ಕುಳಿತೆ.

ಪೆಟ್ಟಿಗೆಯನ್ನು ಹಳಿಯಲಾರೆ. ಕೊಳಲುವಾದಕರೂ ಇಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್‌ನಾರಾಯಣ್ 1970ರ ದಶಕದ ಕೊನೆಗೆ ಅದನ್ನು ರೂಪಿಸಿದ್ದು ದೊಡ್ಡ ಉಪಕಾರವೇ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ರಿಯಾಜು ಮಾಡುವವಳಿಗೆ ಅದು ಆಸರೆ. ಗುಂಡಿ ತಿರುಗಿಸಿದರೆ ಶ್ರುತಿ ಸಿದ್ಧ. ನನ್ನ ತಕರಾರು ಅಲ್ಲಿಯೇ. ತಂಬೂರಿ ಸೆಕೆಗೆ, ಮಳೆಗೆ ಇಳಿಯುತ್ತದೆ, ಏರುತ್ತದೆ. ತಪ್ಪಿದ್ದನ್ನು ಕೇಳಿ ತಿದ್ದುತ್ತ ತಿದ್ದುತ್ತ ಕಿವಿ ಬೆಳೆಯುತ್ತದೆ.

ಪಂಚಮ, ನಿಷಾದ, ಷಡ್ಜದ ಜೋಡಿ, ಕೊನೆಗೆ ಖರ್ಜ. ಪ್ರತಿ ತಂತಿಗೂ ಕುದುರೆಗೂ ನಡುವೆ ಬನಹಟ್ಟಿಯ ನೂಲಿನ ಎಳೆಯಿಟ್ಟು, ಕೂದಲೆಳೆಯಷ್ಟು ಸರಿಸುತ್ತೇನೆ. ಒಂದು ಜಾಗದಲ್ಲಿ ತಂತಿ ಬಾಯಿ ಬಿಡುತ್ತದೆ. ಖರ್ಜದೊಳಗಿಂದ ಯಾರೂ ಮೀಟದ ಗಾಂಧಾರ ಏಳುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಬದನೆಕಾಯಿಗೂ ಮಾತಿಗೂ ಅದೇ ಹೆಸರು: ಜವಾರಿ ಎಂದರೆ ನಮ್ಮ ನೆಲದ್ದು.

ಮೊನ್ನೆ ಕರೆಂಟು ಹೋಗಿ ಪೆಟ್ಟಿಗೆ ಸುಮ್ಮನಾಯಿತು. ಪಾಠಕ್ಕೆ ಬಂದ ಹುಡುಗಿ ಷಡ್ಜ ಬಿಟ್ಟು ನನ್ನ ಮುಖ ನೋಡಿದಳು. ನೂಲಿನ ಎಳೆಯನ್ನು ಅವಳ ಕೈಗೆ ಕೊಟ್ಟೆ.

“ಎಲ್ಲಿಗಿ ಸರಿಸಬೇಕ್ರಿ?”

“ನೀನ ಕೇಳ,” ಅಂದೆ.