ಕಾದಂಬರಿಯೂ ಚಂಚಲ ಚಿತ್ತವೂ

ವಾಚನಾಭಿರುಚಿ ಕ್ಷೀಣಿಸುತ್ತಿದೆಯೆಂಬ ಮಾತು ಸರ್ವತ್ರ ಕೇಳಿಬರುತ್ತಿದೆ. ಇದಕ್ಕೆ ಸಮಯದ ಅಭಾವಕ್ಕಿಂತ ಚಿತ್ತದ ಚಾಂಚಲ್ಯವೇ ಮುಖ್ಯ ಕಾರಣ. ಮೋಟೆಬೆನ್ನೂರಿನ ಹೆದ್ದಾರಿಯ ಸದ್ದು, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆಯ ಚಿಂತೆ ನಮ್ಮವರಿಗೆ ಹೊಸವಲ್ಲ. ಅಂಗೈಯೊಳಗಿನ ಮೊಬೈಲು ಮಾತ್ರ ಐದು ನಿಮಿಷವೂ ಮನಸ್ಸನ್ನು ಒಂದೆಡೆ ನಿಲ್ಲಗೊಡದು.

ಇಂಥ ಮನಸ್ಸನ್ನು ಮರಳಿ ಗ್ರಂಥದತ್ತ ತರುವ ಶಕ್ತಿ ಉಪದೇಶಕ್ಕಿಂತ ಉತ್ತಮ ಕಾದಂಬರಿಗೆ ಹೆಚ್ಚು. ನಮ್ಮ ಸೀಮೆಯ ಗಳಗನಾಥರು (1869–1942) ಇದನ್ನು ಬಲ್ಲವರಾಗಿದ್ದರು. ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಓದುಗರನ್ನು ಸೃಷ್ಟಿಸಿದರು. ಅವರ ಐತಿಹಾಸಿಕ ಕಾದಂಬರಿಗಳಲ್ಲಿ ಕಥೆಯ ಕುತೂಹಲವೇ ಓದುಗನನ್ನು ಕೈಹಿಡಿದು ನಡೆಸುತ್ತದೆ. ಬಿಟ್ಟ ಅಭ್ಯಾಸವನ್ನು ಮತ್ತೆ ಹಿಡಿಯುವವರಿಗೆ ಇದು ಸುಗಮವಾದ ದಾರಿ.

ರಾವಬಹಾದ್ದೂರರ ‘ಗ್ರಾಮಾಯಣ’ದ (1957) ಬಗೆ ಬೇರೆ. ಅಲ್ಲಿ ಒಬ್ಬ ನಾಯಕನಿಲ್ಲ. ಪಾದಳ್ಳಿಯೆಂಬ ಊರೇ ನಾಯಕ. ಹಲವು ಪಾತ್ರಗಳ ಆಸೆ, ಹಗೆ, ನಂಟುಗಳು ಹೆಣೆದುಕೊಂಡು ಊರು ಮೆಲ್ಲಮೆಲ್ಲನೆ ಹಾಳಾಗುತ್ತದೆ. ನಡುನಡುವೆ ಎದ್ದುಹೋಗುವವನಿಗೆ ಕಥೆಯ ಎಳೆ ತಪ್ಪುತ್ತದೆ. ಇದನ್ನು ಕೃತಿಯ ದೋಷವೆನ್ನಲಾಗದು. ಅನೇಕರ ಸುಖದುಃಖಗಳನ್ನು ಒಟ್ಟಿಗೆ ಮನದಲ್ಲಿಟ್ಟುಕೊಳ್ಳುವ ತಾಳ್ಮೆಯನ್ನು ಅದು ಕಲಿಸುತ್ತದೆ. ಆ ತಾಳ್ಮೆ ಕುಂದಿದರೆ ಪುಸ್ತಕವಷ್ಟೇ ಅಲ್ಲ, ನೆರೆಮನೆಯವರ ಕಷ್ಟದ ಮಾತೂ ನಮಗೆ ದೀರ್ಘವೆನಿಸೀತು.

ಆದ್ದರಿಂದ ಗಳಗನಾಥರಿಂದ ತೊಡಗಿ ‘ಗ್ರಾಮಾಯಣ’ಕ್ಕೆ ಬರುವುದು ಒಳಿತು. ರಾತ್ರಿಯ ಊಟದ ತರುವಾಯ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ದಿನಕ್ಕೆ 10 ಪುಟ ಓದಿದರೂ ಸಾಕು. ಮಕ್ಕಳ ಮುಂದೆ ಗಟ್ಟಿಯಾಗಿ ಓದಿದರೆ ಅದರ ಫಲ ಮನೆಗೆಲ್ಲ ಸಲ್ಲುವುದು.