ಕಿವಿಗೆ ಬಿದ್ದದ್ದೆಲ್ಲ ಪಾಠವಲ್ಲ

ಜಾತಿ, ಬಾಲ್ಯವಿವಾಹ, ಕುಡಿತ, ವಲಸೆ ಇಂಥ ವಿಷಯಗಳನ್ನು ಪ್ರೌಢಶಾಲೆಯ ಮಕ್ಕಳಿಗೆ ಮುಟ್ಟಿಸಲು ಧ್ವನಿಕಥೆಗಿಂತ ಒಳ್ಳೆಯ ದಾರಿ ಇಲ್ಲವೆಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಪಾಠ ಒಣಗಿದ್ದು, ಕಥೆ ಹಸಿಯಾದದ್ದು. ಕಥೆ ಕೇಳಿದರೆ ಮನಸ್ಸು ಕರಗುತ್ತದೆ, ಕರಗಿದ ಮನಸ್ಸು ಬದಲಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಬಂದರೆ ಇದಕ್ಕೆ ಇನ್ನೊಂದು ಸಮರ್ಥನೆಯೂ ಸೇರುತ್ತದೆ: ಇದು ಮಂಟೇಸ್ವಾಮಿ, ಮಾದಪ್ಪನ ನಾಡು; ರಾತ್ರಿಯಿಡೀ ಕಥೆ ಕೇಳಿ ಬೆಳೆದವರ ಮಕ್ಕಳಿಗೆ ಕಥೆಯನ್ನೇ ಕೇಳಿಸಿ, ಉಳಿದದ್ದು ತಾನಾಗಿ ಆಗುತ್ತದೆ.

ಈ ಸಮರ್ಥನೆಯನ್ನೇ ಮೊದಲು ನೋಡಬೇಕು. ವಾದಕ್ಕೆ ವಿರುದ್ಧವಾದ ಸಾಕ್ಷಿ ಅದರಲ್ಲೇ ಇದೆ.

ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣದ ಸಾಲು ಬರುತ್ತದೆ. ಸಮಾನತೆ ಸಾರಿದ ಪಟ್ಟಣದ ಬಾಗಿಲಿಗೆ ಮಂಟೇಸ್ವಾಮಿ ಅಸಹ್ಯ ಹುಟ್ಟಿಸುವ ವೇಷದಲ್ಲಿ ಬಂದು ನಿಲ್ಲುತ್ತಾನೆ. ಶರಣರೆನಿಸಿಕೊಂಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಅಸ್ಪೃಶ್ಯತೆಯ ಬಗ್ಗೆ ಇದಕ್ಕಿಂತ ಮೊನಚಾದ ಕಥೆಯನ್ನು ಯಾವ ಧ್ವನಿಕಥಾ ಯೋಜನೆಯೂ ಬರೆಸಲಾರದು. ಈ ಸೀಮೆಯ ಜನ ಅದನ್ನು ತಲೆತಲಾಂತರದಿಂದ ಕೇಳಿದ್ದಾರೆ. ಕ್ಯಾಸೆಟ್ ಬಂದ ಮೇಲೆ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿಯಲ್ಲಿ ಮನೆಮನೆಯಲ್ಲೂ ಕೇಳಿದ್ದಾರೆ, ಈಗ ಮೊಬೈಲಿನಲ್ಲಿ ಕೇಳುತ್ತಿದ್ದಾರೆ. ಕಥೆ ಕೇಳಿಯೇ ಜಾತಿ ಕರಗುವುದಾಗಿದ್ದರೆ ಇಲ್ಲಿನ ಊರುಗಳಲ್ಲಿ ಕೇರಿಯೊಂದು ಕಡೆ, ಬೀದಿಯೊಂದು ಕಡೆ ಇರಬಾರದಿತ್ತು.

ಹಾಗಾದರೆ ಆ ಪರಂಪರೆ ಸೋತಿತೇ? ಇಲ್ಲ. ಅದರ ಬಲ ಎಲ್ಲಿತ್ತೆಂಬುದನ್ನು ನಾವು ತಪ್ಪಾಗಿ ಓದಿದ್ದೇವೆ. ಬನದ ಹುಣ್ಣಿಮೆಗೆ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ ಐದು ದಿನ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿಸೇವೆ: ಬಿಡಾರ ಹೂಡಿ, ಅಡುಗೆ ಮಾಡಿ, ಬೇರೆ ಬೇರೆ ಜಾತಿಯ ಒಕ್ಕಲುಗಳು ಸಾಲಾಗಿ ಕೂತು ಉಣ್ಣುವುದು. ಕಲ್ಯಾಣದ ಬಾಗಿಲಲ್ಲಿ ತಡೆದದ್ದನ್ನು ಕಥೆ ಹೇಳುತ್ತದೆ, ಇಲ್ಲಿ ತಡೆಯುವಂತಿಲ್ಲ ಎಂದು ಪಂಕ್ತಿ ಹೇಳುತ್ತದೆ. ಕಥೆಯ ಜೊತೆಗೆ ಒಂದು ಕಟ್ಟಳೆ ಇದ್ದಲ್ಲಿ, ಆ ಜಾತ್ರೆಯ ಮಟ್ಟಿಗಾದರೂ, ನಡತೆ ಬದಲಾಯಿತು. ಕಟ್ಟಳೆ ಇಲ್ಲದ ಕಡೆ ಕಥೆ ಬರೀ ಹಾಡಾಗಿ ಉಳಿಯಿತು.

ಇದು ನಮ್ಮೊಬ್ಬರ ಅನುಭವವಲ್ಲ. ನರಮೇಧದ ನಂತರದ ರುವಾಂಡಾದಲ್ಲಿ ಎರಡು ಸಮುದಾಯಗಳ ನಡುವಿನ ಹಗೆಯನ್ನೇ ವಸ್ತುವಾಗಿಸಿಕೊಂಡ ‘ಮುಸೆಕೆವೆಯಾ’ ಎಂಬ ರೇಡಿಯೊ ಧಾರಾವಾಹಿ ಬಂತು. ಅದನ್ನು ಒಂದು ವರ್ಷ ಗುಂಪಾಗಿ ಕೇಳಿದವರನ್ನು ಎಲಿಜಬೆತ್ ಲೆವಿ ಪಲಕ್ ಎಂಬ ಮನೋವಿಜ್ಞಾನಿ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೇಳುಗರ ಸ್ವಂತ ನಂಬಿಕೆಗಳು ಹೆಚ್ಚು ಕದಲಿರಲಿಲ್ಲ. ಬದಲಾಗಿದ್ದದ್ದು ‘ನಮ್ಮವರು ಹೇಗೆ ನಡೆದುಕೊಳ್ಳಬೇಕು’ ಎಂಬ ತಿಳಿವಳಿಕೆ ಮತ್ತು ಅದಕ್ಕೆ ತಕ್ಕ ನಡತೆ. ಅಂದರೆ ಕಥೆ ಕೆಲಸ ಮಾಡುವುದು ಒಬ್ಬೊಬ್ಬರ ಎದೆಯೊಳಗೆ ಅಲ್ಲ, ಒಟ್ಟಿಗೆ ಕೂತವರು ಒಪ್ಪಿಕೊಳ್ಳುವ ರೂಢಿಯಲ್ಲಿ.

‘ಸರಿ, ಕಥೆ ಕೇಳಿಸಿ ಚರ್ಚೆ ಮಾಡಿಸುತ್ತೇವೆ’ ಎನ್ನುವವರಿದ್ದಾರೆ. ಇದೂ ಅಷ್ಟು ಸುಲಭದ ಮದ್ದಲ್ಲ. ಅದೇ ಪಲಕ್ ಕಾಂಗೋದಲ್ಲಿ ನಡೆಸಿದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ಅಲ್ಲಿ ಕೆಲವರು ಬರೀ ಧಾರಾವಾಹಿ ಕೇಳಿದರು. ಇನ್ನು ಕೆಲವರಿಗೆ ಅದರ ಬೆನ್ನಿಗೇ ‘ನೀವೂ ಮಾತಾಡಿಕೊಳ್ಳಿ’ ಎಂದು ಹುರಿದುಂಬಿಸುವ ಮಾತುಕತೆಯ ಕಾರ್ಯಕ್ರಮವೂ ಇತ್ತು. ಎರಡನೆಯವರು ಹೆಚ್ಚು ಮಾತಾಡಿದರು ನಿಜ. ಆದರೆ ಅವರಲ್ಲಿ ಅಸಹನೆ ಹೆಚ್ಚಿತು, ತಮಗಾಗದವರಿಗೆ ನೆರವಾಗುವ ಮನಸ್ಸು ಕುಗ್ಗಿತು. ಮಾತು ಹಳೆಯ ಗಾಯಗಳ ಕಡೆಗೇ ಹರಿಯಿತು. ಮೂರು ಕೇರಿಯ ಮಕ್ಕಳು ಕೂತ ತರಗತಿಯಲ್ಲಿ ‘ಈ ಕಥೆ ಕೇಳಿ ನಿಮಗೇನನ್ನಿಸಿತು?’ ಎಂದು ಕೇಳಿ ಕೈಕಟ್ಟಿ ನಿಲ್ಲುವ ಮೇಷ್ಟ್ರು ಇದನ್ನು ತಿಳಿದಿರಬೇಕು.

ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳನ್ನು ಕೇಳಿ ಬೆಳೆದ ತಲೆಮಾರು ನಮ್ಮಲ್ಲಿದೆ, ಆ ಪಾಠಗಳು ಗೆಲ್ಲಲಿಲ್ಲವೇ ಎಂದು ಕೇಳಬಹುದು. ಆದರೆ ರೇಡಿಯೊ ಪಾಠ ಎಂಥ ವಿಷಯಕ್ಕೆ ಒಗ್ಗುತ್ತದೆಂಬುದನ್ನು ನೋಡಬೇಕು. ರೇಡಿಯೊ ಪ್ರಶ್ನೆ ಕೇಳಿ, ಚೂರು ಹೊತ್ತು ಕಾದು, ಮಕ್ಕಳಿಂದ ಉತ್ತರ ಹೇಳಿಸುವ ವಿಧಾನವನ್ನು 1970ರ ದಶಕದಲ್ಲಿ ನಿಕರಾಗುವಾದಲ್ಲಿ ಗಣಿತಕ್ಕೆ ಬಳಸಿದರು; ಅದು ಫಲ ಕೊಟ್ಟಿತು. ಕೂಡುವ ಲೆಕ್ಕಕ್ಕೆ ಒಂದೇ ಉತ್ತರ, ಅದು ಆ ಚೂರು ಹೊತ್ತಿನಲ್ಲಿ ಬಾಯಿಗೆ ಬರುತ್ತದೆ. ‘ನಿಮ್ಮೂರಿನ ನಲ್ಲಿಯಲ್ಲಿ ಯಾರು ಮೊದಲು ನೀರು ಹಿಡಿಯುತ್ತಾರೆ?’ ಎಂಬುದಕ್ಕೆ ತರಗತಿ ಒಕ್ಕೊರಲಿನಿಂದ ಉತ್ತರಿಸಿತೆಂದರೆ ಅಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ.

ಧ್ವನಿಯಲ್ಲಿ ಮುಖ ಕಾಣದು, ಆದ್ದರಿಂದ ಯಾರಿಗೂ ಮುಜುಗರವಿಲ್ಲ ಎಂಬುದು ಇನ್ನೊಂದು ನಂಬಿಕೆ. ನಗರದ ಮಟ್ಟಿಗೆ ಇರಬಹುದು. ಹಳ್ಳಿಯ ಒಂಬತ್ತನೇ ತರಗತಿಯಲ್ಲಿ ಬಾಲ್ಯವಿವಾಹದ ಕಥೆ ಹಾಕಿದರೆ, ಯಾವ ಬೆಂಚಿನ ಹುಡುಗಿಗೆ ಮನೆಯಲ್ಲಿ ಗಂಡು ನೋಡಿದ್ದಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲರ ಕಣ್ಣೂ ಅತ್ತ ತಿರುಗುತ್ತದೆ. ಕಥೆಯ ಹುಡುಗಿ ಅತ್ತು ಸಾಯುತ್ತಾಳೆ, ತರಗತಿ ಲೊಚಗುಟ್ಟುತ್ತದೆ, ಗಂಟೆ ಹೊಡೆಯುತ್ತದೆ. ಬೆಂಚಿನ ಹುಡುಗಿಗೆ ಬೇಕಿದ್ದದ್ದು ಬೇರೆ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು; 18 ತುಂಬದ ಹುಡುಗಿಯ ಮದುವೆ ಮಾಡಿಸುವುದು ಅಪರಾಧ; ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿಂದಲೇ ಅಸಿಂಧು; ದೂರು ಕೊಟ್ಟರೆ ನಿನ್ನ ಬೆನ್ನಿಗೆ ನಾನಿರುತ್ತೇನೆ ಎನ್ನುವ ಒಬ್ಬ ಟೀಚರು. ಮರುಕದಿಂದ ಮದುವೆ ನಿಲ್ಲುವುದಿಲ್ಲ.

‘ನಿಮ್ಮದೇ ಕಥೆ’ ಎಂಬ ಉಪಚಾರದಲ್ಲೂ ಅಪಾಯವಿದೆ. ಮಾದಪ್ಪನ ಕಾವ್ಯದ ಸಂಕಮ್ಮನ ಸಾಲನ್ನೇ ತೆಗೆದುಕೊಳ್ಳಿ. ಗಂಡ ನೀಲೇಗೌಡ ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೇಳುತ್ತಾನೆ, ಆಕೆ ಕೊಡುವುದಿಲ್ಲ, ಹಿಂಸೆ ಶುರುವಾಗುತ್ತದೆ. ಕೌಟುಂಬಿಕ ಹಿಂಸೆಯ ಪಾಠಕ್ಕೆ ಇದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಕಾವ್ಯದಲ್ಲಿ ಇವರು ಸೋಲಿಗರು. ಬಿಳಿಗಿರಿರಂಗನ ಬೆಟ್ಟದಿಂದಲೋ ಹನೂರಿನ ಕಾಡಂಚಿನಿಂದಲೋ ಬಂದ ಒಬ್ಬಿಬ್ಬರು ಸೋಲಿಗ ಮಕ್ಕಳಿರುವ ತರಗತಿಯಲ್ಲಿ ಇದನ್ನು ಹಾಗೇ ಕೇಳಿಸಿದರೆ, ಉಳಿದವರು ಕಲಿಯುವ ಪಾಠ ‘ಕಾಡಿನವರು ಹೀಗೇ’ ಎಂಬುದು. ಹಾಡುವವರು ಎದುರಿಗಿದ್ದಾಗ ಕೇಳುಗರ ಮುಖ ನೋಡಿ ಸಾಲನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ನಡುವೆ ನಿಲ್ಲಿಸಿ ಮಾತಾಡುತ್ತಾರೆ. ಧ್ವನಿಮುದ್ರಿಕೆಗೆ ಎದುರಿಗೆ ಯಾರಿದ್ದಾರೆಂಬುದೇ ಗೊತ್ತಿಲ್ಲ.

ಧ್ವನಿಯನ್ನೇ ಶಾಲೆಯಿಂದ ಹೊರಗಿಡಿ ಎಂದು ನಾನು ಹೇಳುತ್ತಿಲ್ಲ. ಸಿಗ್ನಲ್ ಸಿಗದ ಹಳ್ಳಿಯಲ್ಲೂ ಅದು ನಡೆಯುತ್ತದೆ. ಓದಲು ತಡವರಿಸುವ ಮಗುವಿಗೂ ದಕ್ಕುತ್ತದೆ. ಮನೆಯ ಮಾತು ತರಗತಿಯಲ್ಲಿ ಮರ್ಯಾದೆಯಿಂದ ಕೇಳಿಬರುವುದು ಸಣ್ಣ ಸಂಗತಿಯಲ್ಲ. ನನ್ನ ತಕರಾರು ಮಕ್ಕಳನ್ನು ಬರೀ ಕಿವಿಯಾಗಿಸುವುದರ ಬಗ್ಗೆ. ಚಿಕ್ಕಲ್ಲೂರಿನ ಪಂಕ್ತಿಸೇವೆಯ ಬಗ್ಗೆಯೇ ದೊಡ್ಡ ವಿವಾದವಿದೆ: ಅಲ್ಲಿ ನಡೆಯುವುದು 1959ರ ಕಾಯ್ದೆ ನಿಷೇಧಿಸಿದ ಪ್ರಾಣಿಬಲಿಯೇ, ಅಥವಾ ಮಾಂಸದೂಟದ ಸಹಪಂಕ್ತಿಯೇ? ಹತ್ತನೇ ತರಗತಿಯ ಮಕ್ಕಳು ಫೋನು ಹಿಡಿದು ನೀಲಗಾರರನ್ನು, ಅಡುಗೆ ಮಾಡುವ ಹೆಂಗಸರನ್ನು, ಬಲಿ ಬೇಡವೆನ್ನುವವರನ್ನು, ಅಧಿಕಾರಿಗಳನ್ನು ಮಾತಾಡಿಸಲಿ. ಕಾಯ್ದೆಯ ಪಠ್ಯ ಓದಲಿ. ಒಬ್ಬೊಬ್ಬರೂ ತಾವು ಒಪ್ಪದ ಪಕ್ಷವನ್ನು ಒಮ್ಮೆ ಸಮರ್ಥಿಸಲಿ. ಧ್ವನಿ ಆಗ ಸಾಕ್ಷ್ಯವಾಗುತ್ತದೆ, ಪ್ರಶ್ನಿಸಬಹುದಾದ ವಸ್ತುವಾಗುತ್ತದೆ.

ಆಮೇಲೆ ಶಾಲೆಯ ಸರದಿ. ಬಿಸಿಯೂಟಕ್ಕೆ ಯಾರು ಯಾರ ಪಕ್ಕ ಕೂರುತ್ತಾರೆ, ಶೌಚಾಲಯ ತೊಳೆಯುವ ಕೆಲಸ ಯಾವ ಮಕ್ಕಳ ಪಾಲಿಗೆ ಬೀಳುತ್ತದೆ, ಹುಡುಗಿಯೊಬ್ಬಳು ವಾರಗಟ್ಟಲೆ ಬಾರದಿದ್ದರೆ ಅವಳ ಮನೆಗೆ ಯಾರು ಹೋಗಬೇಕು? ಇವಕ್ಕೆಲ್ಲ ಗೋಡೆಗೆ ಬರೆದು ಹಾಕುವಂಥ ನಿಯಮ ಬೇಕು. ಸ್ಪೀಕರ್ ಕೊಳ್ಳುವ ಮುಂಚೆ ಪ್ರತಿ ಶಾಲೆಯೂ ತನ್ನನ್ನು ಕೇಳಿಕೊಳ್ಳಲಿ: ಈ ಕಥೆ ಮುಗಿದ ಮೇಲೆ ನಮ್ಮಲ್ಲಿ ಯಾವ ನಿಯಮ ಬದಲಾಗುತ್ತದೆ? ಉತ್ತರವಿಲ್ಲದಿದ್ದರೆ ಆ ಅವಧಿಯಲ್ಲಿ ಗಣಿತವನ್ನೇ ಕಲಿಸಲಿ. ಮಕ್ಕಳಿಗೆ ಅದರಿಂದಾದರೂ ಲಾಭವಿದೆ.